ಬಂಕಿನ್ಯಾಗ ಕೊಟ್ಟ ರೊಕ್ಕಕ್ಕ ಡೀಸೆಲ್ ಲೆಕ್ಕ ಮುಗಿಯೂದಿಲ್ಲ

ನಮ್ಮ ಮನಿ ಹುಬ್ಬಳ್ಳಿ ಕಾರವಾರ ರೋಡಿಗೆ ಹತ್ತಿಕೊಂಡಂಗ ಐತಿ. ಹ್ವಾದ ಬ್ಯಾಸಗಿಯಾಗ ನಮ್ಮವ್ವ ಹಳೇ ಬಿಳಿ ಧೋತರದ ತುಂಡೊಂದು ತೋಯಿಸಿ ಕಿಟಕಿಗೆ ಕಟ್ಟಿದ್ಲು, ಧಗಿಗೆ ಒಂದೀಟು ತಂಪಾಗ್ಲಿ ಅಂತ. ಎಂಟು ದಿನ ಬಿಟ್ಟು ಬಿಚ್ಚಿ ಬಕೆಟ್‌ನ್ಯಾಗ ಹಾಕಿದಾಗ ಮೊದ್ಲ ಮಣ್ಣಿನ ಬಣ್ಣದ ನೀರು ಬಂತು. ಅದು ನಮ್ಮೂರ ಧೂಳ, ಎಲ್ಲಾರಿಗೂ ಗೊತ್ತಿದ್ದದ್ದ. ಎರಡು ಸಲ ಜಾಲಿಸಿದ್ಮ್ಯಾಲೆ ಮಣ್ಣು ಹೋತು ಆದ್ರ ಅರಿವಿ ಬಿಳಿ ಆಗ್ಲಿಲ್ಲ, ಅಡ್ಡಡ್ಡ ಕರೀ ಕಲಿ ಉಳಿದ್ವು, ಬೆರಳಿಂದ ತಿಕ್ಕಿದ್ರ ಜಿಡ್ಡು ಜಿಡ್ಡು, ಸೋಪ್ ಹಚ್ಚಿ ಕಲ್ಲಿಗೆ ಕುಸುಬಿದ್ರೂ ಪೂರಾ ಬಿಡ್ಲಿಲ್ಲ. "ಇದು ಧೂಳಲ್ಲೋ, ಇದು ಮಸಿ" ಅಂದ್ಲು ಅವ್ವ.

ಅವ್ವ ಹೇಳಿದ್ದ ಆ ಫರಕ್ಕ ನಮ್ಮೂರ ಗಾಳಿ ವಿಷಯದಾಗ ಎಲ್ಲಾಕ್ಕಿಂತ ದೊಡ್ಡ ಮಾತು ಅಂತ ನನಗ ಅನಿಸೇತಿ. ಯಾಕಂದ್ರ ಹುಬ್ಬಳ್ಳಿ-ಧಾರವಾಡದಾಗ ಗಾಳಿ ಕೆಟ್ಟೈತಿ ಅಂದ ಕೂಡ್ಲೇ ಎಲ್ಲಾರೂ ಧೂಳು ಧೂಳು ಅಂತಾರ, ಫ್ಲೈಓವರ್ ಕೆಲಸ, ಅಗೆದ ರೋಡು, ಮುಚ್ಚಲಾರದ ತಗ್ಗು. ಧೂಳು ಇಲ್ಲ ಅಂತ ನಾ ಹೇಳೂದಿಲ್ಲ, ಭಾಳ ಐತಿ. ಆದ್ರ ಧೂಳು ಕಣ್ಣಿಗೆ ಕಾಣ್ತೈತಿ ಅಂತ ಅದರ ಲೆಕ್ಕ ಹಿಡಿದು, ಕಾಣಲಾರದ ಮಸಿನ ಲೆಕ್ಕದಿಂದ ಹೊರಗ ಇಟ್ಟೇವಿ. ಹೊರಗ ಇಟ್ಟ ಅಂದ ಮಾತ್ರಕ್ಕ ಅದರ ಬಿಲ್ಲು ಬರೂದು ತಪ್ಪೂದಿಲ್ಲ, ಅದು ದವಾಖಾನಿ ಕೌಂಟರ್‌ನ್ಯಾಗ ಬರ್ತೈತಿ, ಕಟ್ಟವ್ರು ಬ್ಯಾರೆ ಯಾರೋ ಇರ್ತಾರ.

ಮೊದ್ಲ ಸೈಜಿನ ಮಾತು ನೋಡೂಣು. ಒಂದು ಮಿಲಿಮೀಟರಿನ ಸಾವಿರದಾಗ ಒಂದು ಪಾಲಿಗೆ ಮೈಕ್ರಾನ್ ಅಂತಾರ. ಮನುಷ್ಯಾನ ತಲಿಕೂದ್ಲು ದಪ್ಪ ಅಂದ್ರ 50ರಿಂದ 70 ಮೈಕ್ರಾನ್ ಇರ್ತೈತಿ. ಪಿಎಂ 10 ಅಂದ್ರ 10 ಮೈಕ್ರಾನ್ ಮತ್ತ ಅದಕ್ಕಿಂತ ಸಣ್ಣ ಕಣ, ಪಿಎಂ 2.5 ಅಂದ್ರ ಎರಡೂವರಿ ಮೈಕ್ರಾನ್ ಒಳಗಿನವು. ರೋಡಿನ ಧೂಳಿನಾಗ ಹೆಚ್ಚಿನದು ದಪ್ಪ ಕಣ, ಮೂಗಿನಾಗ, ಗಂಟಲದಾಗ ತಡೀತೈತಿ, ಸೀನಿ ಕೆಮ್ಮಿ ಹೊರಗ ಹಾಕ್ತೇವಿ. ಡೀಸೆಲ್ ಮಸಿ ಹಂಗಲ್ಲ, ಅದರಾಗಿನ ಕಣ ಬಹುತೇಕ 1 ಮೈಕ್ರಾನಿಗಿಂತ ಸಣ್ಣು, ಎಣಿಕಿ ಲೆಕ್ಕದಾಗ ನೋಡಿದ್ರ ಎಷ್ಟೋ ಕಣ 0.1 ಮೈಕ್ರಾನಿಗಿಂತಲೂ ಸಣ್ಣು. ಇವನ್ನ ಮೂಗು ತಡಿಯೂದಿಲ್ಲ, ಕಟ್ಟಿಕೊಂಡ ದಸ್ತಿನೂ ತಡಿಯೂದಿಲ್ಲ. ಸೀದಾ ಪುಪ್ಪಸದ ತುದಿಗೆ ಹೋಗಿ ಕುಂದರ್ತಾವು, ಅತೀ ಸಣ್ಣವು ಅಲ್ಲಿಂದ ರಕ್ತಕ್ಕೂ ದಾಟ್ತಾವು. ಮ್ಯಾಲೆ ಆ ಮಸಿಕಣ ಬರೇ ಇದ್ದಲಿ ಅಲ್ಲ, ಅದರ ಮೈಗೆ ಅರ್ಧಮರ್ಧ ಸುಟ್ಟ ಎಣ್ಣಿಯ ಕೆಮಿಕಲ್ ಅಂಟಿಕೊಂಡಿರ್ತಾವು, ಅದಕ್ಕ ಅವ್ವನ ಧೋತರ ಜಿಡ್ಡಾಗಿತ್ತು.

ಈಗ ಸರ್ಕಾರದ ಲೆಕ್ಕಕ್ಕ ಬರ್ರಿ. 2019ರ ಜನವರಿಯಾಗ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ, ಎನ್‌ಕ್ಯಾಪ್ ಅಂತ ಶುರು ಮಾಡ್ತು. ಗಾಳಿ ಮಟ್ಟ ಮೀರಿದ ಊರುಗಳ ಪಟ್ಟಿಯಾಗ ಕರ್ನಾಟಕದ್ದು ನಾಕು: ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತ ನಮ್ಮ ಹುಬ್ಬಳ್ಳಿ-ಧಾರವಾಡ. ರೊಕ್ಕನೂ ಬಂತು. ಆದ್ರ ಊರು ಪಾಸೋ ಫೇಲೋ ಅಂತ ನೋಡೂದು ಪಿಎಂ 10 ಮ್ಯಾಲೆ. ಹಿಂಗಿದ್ರ ಯಾವ ಪಾಲಿಕೆ ಆದ್ರೂ ಏನ್ ಮಾಡ್ತೈತಿ, ರೋಡ್ ಗುಡಿಸೂ ಮಷೀನ್ ತರ್ತೈತಿ, ನೀರು ಸಿಂಪಡಿಸ್ತೈತಿ, ಫುಟ್‌ಪಾತಿಗೆ ಪೇವರ್ ಹಾಕಸ್ತೈತಿ. ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯವ್ರು 2024ರಾಗ ಇದರ ಖರ್ಚಿನ ಲೆಕ್ಕ ತಗದ್ರು, ದೇಶದ ಮ್ಯಾಲೆ ನೋಡಿದ್ರ 64 ಪರ್ಸೆಂಟ್ ರೊಕ್ಕ ಧೂಳಿಗೇ ಹೋಗೇತಿ, ಗಾಡಿ ಹೊಗಿಗೆ ಹೋಗಿದ್ದು 13 ಪರ್ಸೆಂಟ್‌ಗಿಂತ ಕಡಿಮಿ. ಪಾಲಿಕೆಯವ್ರನ್ನ ಬೈದು ಉಪಯೋಗ ಇಲ್ಲ, ಪರೀಕ್ಷೆಯಾಗ ಯಾವ ಪ್ರಶ್ನೆ ಬರ್ತೈತೋ ಅದನ್ನ ಓದತಾರ. ಪ್ರಶ್ನೆಪತ್ರಿಕೆನ ತಪ್ಪೈತಿ.

ಮಸಿ ಎಲ್ಲಿಂದ ಬರ್ತೈತಿ ಅನ್ನೂದನ್ನ ನನಗ ತಿಳಿಸಿದವ ನಮ್ಮ ಕಾಕಾ. ಮೂವತ್ತು ವರ್ಷ ಗ್ಯಾರೇಜಿನ್ಯಾಗ ಡೀಸೆಲ್ ಪಂಪು, ಎಂಜಿನ್ನಿನೊಳಗ ಎಣ್ಣಿ ಸಿಂಪಡಿಸೂ ನೋಝಲ್ ರಿಪೇರಿ ಮಾಡಿದವ. ಪೆಟ್ರೋಲ್ ಎಂಜಿನ್ನಿನ್ಯಾಗ ಗಾಳಿ ಎಣ್ಣಿ ಕೂಡೇ ಒಳಗ ಇರ್ತಾವು, ಪ್ಲಗ್ ಕಿಡಿ ಕೊಡ್ತೈತಿ. ಡೀಸೆಲ್‌ನ್ಯಾಗ ಪ್ಲಗ್ ಇಲ್ಲ, ಗಾಳಿನ ಹಿಂಡಿ ಹಿಂಡಿ ಸುಡುವಂಗ ಕಾಸಿ ಅದರಾಗ ಎಣ್ಣಿನ ಸಿಂಪಡಿಸ್ತಾರ, ಅದು ತಾನ ಹತ್ತಿಕೊಳ್ತೈತಿ. ಆದ್ರ ಸಿಂಪಡಿಸಿದ ಹನಿಯ ನಡುವಿನ ಜಾಗಾದಾಗ ಗಾಳಿ ಸಾಲೂದಿಲ್ಲ, ಅಲ್ಲಿ ಎಣ್ಣಿ ಪೂರಾ ಸುಡಲಾರದ ಮಸಿ ಆಗ್ತೈತಿ. ಮಸಿ ಕಡಿಮಿ ಆಗ್ಲಿ ಅಂತ ಕಾವು ಏರಿಸಿದ್ರ ಗಾಳಿಯಾಗಿನ ನೈಟ್ರೋಜನ್ ಸುಟ್ಟು ನೈಟ್ರೋಜನ್ ಆಕ್ಸೈಡ್ ಹುಟ್ತೈತಿ, ಅದನ್ನ ತಗ್ಗಸಾಕ ಕಾವು ಇಳಿಸಿದ್ರ ಮಸಿ ಏರ್ತೈತಿ. ಡೀಸೆಲ್ ಹುಟ್ಟಾ ಹಿಂಗ, ಒಂದು ಒತ್ತಿದ್ರ ಇನ್ನೊಂದು ಏಳ್ತೈತಿ. ಮೈಲೇಜು, ಎಳಿಯೂ ತಾಕತ್ತು ಡೀಸೆಲಿಗೆ ಹೆಚ್ಚು, ಅದಕ್ಕ ಲಾರಿ, ಬಸ್ಸು, ಟ್ರ್ಯಾಕ್ಟರ್ ಎಲ್ಲಾ ಅದರ ಮ್ಯಾಲೆ ನಿಂತಾವು, ಆ ತಾಕತ್ತಿನ ಜೋಡಿ ಈ ಎರಡೂ ಬಂದಾವು.

ಈ ನೈಟ್ರೋಜನ್ ಆಕ್ಸೈಡ್ ಕಥಿ ಮಂದಿಗೆ ಕಡಿಮಿ ಗೊತ್ತು, ಯಾಕಂದ್ರ ಸೈಲೆನ್ಸರಿನಿಂದ ಬರುವಾಗ ಅದು ಕಣ್ಣಿಗೆ ಕಾಣೂದಿಲ್ಲ. ಅದು ಗಾಳಿಯಾಗ ಅಮೋನಿಯಾ ಜೋಡಿ ಕೂಡಿ ಮತ್ತ ಸಣ್ಣ ಕಣ ಆಗ್ತೈತಿ. ಬಿಸಿಲಿನ್ಯಾಗ ಬ್ಯಾರೆ ಆವಿಗಳ ಜೋಡಿ ಸೇರಿ ನೆಲದ ಹತ್ತಿರ ಓಝೋನ್ ಆಗ್ತೈತಿ, ಆ ಓಝೋನ್ ಎದಿಗೂ ಕೆಟ್ಟದ್ದು, ಬೆಳಿಗೂ ಕೆಟ್ಟದ್ದು, ಗೋದಿ, ಸೋಯಾ, ಹತ್ತಿ ಎಲಿ ಒಳಗ ಹೋಗಿ ಇಳುವರಿ ಇಳಸ್ತೈತಿ. ನಮ್ಮ ಧಾರವಾಡ, ಗದಗ, ಹಾವೇರಿ ಹೊಲದಾಗ ಬೆಳಿಯೂದು ಇವ ಅಲ್ಲೇನ್ರಿ. ರೋಡಿನ ಹೊಗಿ ಹೊಲದ ಲೆಕ್ಕಕ್ಕೂ ಹಿಂಗ ಹೋಗಿ ಸೇರ್ತೈತಿ.

ಕಾಕಾಗ ಈಗ ದಮ್ಮು. ಬೀಡಿ ಸೇದಿದವಲ್ಲ, ತಂಬಾಕ ಹಾಕಿದವಲ್ಲ. ಎಂಜಿನ್ ಚಾಲೂ ಇಟ್ಟು ಹೊಗಿ ಬಣ್ಣ ನೋಡಿ, ವಾಸನಿ ಹಿಡಿದು, ಯಾವ ನೋಝಲ್ ಹೋಗೇತಿ ಅಂತ ಹೇಳೂದ ಅವನ ಕಸಬು ಇತ್ತು. ತಗಡಿನ ಶೆಡ್ಡು, ಹಿಂದ ಗ್ವಾಡಿ, ಹೊಗಿ ಹೋಗಾಕ ಜಾಗಾ ಇಲ್ಲ. ಮೂರು ವರ್ಷದ ಹಿಂದ ಮೆಟ್ಟಿಲ ಹತ್ತಾಕ ಆಗವಲ್ದು ಅಂದಾಗ ಮೊದಲ ಒಂದು ದವಾಖಾನಿಯಾಗ ಬರೇ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ರು, ಏನ್ ಕೆಲಸ ಮಾಡ್ತೀರಿ ಅಂತ ಒಂದು ಮಾತು ಕೇಳ್ಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ರ ಒಂದು ವರ್ಷ ಮೊದ್ಲ ಗೊತ್ತಾಗ್ತಿತ್ತು ಅಂತ ನನಗ ಇವತ್ತಿಗೂ ಸಂಕಟ ಐತಿ.

ಡೀಸೆಲ್ ಹೊಗಿ ಕ್ಯಾನ್ಸರ್ ತರ್ತೈತಿ ಅನ್ನೂದು ಈಗ ಸಂಶಯದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 1988ರಾಗ "ಬಹುಶಃ ತರಬಹುದು" ಅಂದಿತ್ತು, 2012ರ ಜೂನ್‌ನ್ಯಾಗ ಅದನ್ನ ಒಂದನೇ ಗುಂಪಿಗೆ ಏರಿಸ್ತು, ತಂಬಾಕಿನ ಹೊಗಿ, ಅಸ್ಬೆಸ್ಟಾಸ್ ಇರೂ ಗುಂಪು ಅದು. ಅಮೆರಿಕಾದಾಗ ಡೀಸೆಲ್ ಮಷೀನ್ ನಡುವ ಗಣಿಗಳಾಗ ದುಡಿದ 12 ಸಾವಿರಕ್ಕೂ ಹೆಚ್ಚು ಮಂದಿಯ ಮ್ಯಾಲೆ ನಡೆದ ಅಧ್ಯಯನ ಆ ನಿರ್ಧಾರಕ್ಕ ದೊಡ್ಡ ಆಧಾರ ಆತು, ಹೊಗಿಯಾಗ ಹೆಚ್ಚು ಕಾಲ ಇದ್ದವರಿಗೆ ಪುಪ್ಪಸದ ಕ್ಯಾನ್ಸರ್ ಹೆಚ್ಚು ಅಂತ ಅದರಾಗ ಕಂಡುಬಂತು. ಒಂದು ಮಾತು ಇಲ್ಲಿ ಸರಿಯಾಗಿ ತಿಳ್ಕೋಬೇಕು, ಒಂದ ಗುಂಪಿನ್ಯಾಗ ಅದಾವು ಅಂದ್ರ ಡೀಸೆಲ್ ಹೊಗಿ ಸಿಗರೇಟಿನಷ್ಟ ಅಪಾಯ ಅಂತ ಅಲ್ಲ, ಪುರಾವೆ ಅಷ್ಟ ಗಟ್ಟಿ ಐತಿ ಅಂತ.

ಮತ್ತ ಮಂದಿ ಕ್ಯಾನ್ಸರಿಗೆ ಹೆದರ್ತಾರ ಆದ್ರ ಸಣ್ಣ ಕಣದಿಂದ ಹೆಚ್ಚು ಮಂದಿ ಹೋಗೂದು ಕ್ಯಾನ್ಸರಿನಿಂದ ಅಲ್ಲ, ಹೃದಯ, ಪಾರ್ಶ್ವವಾಯು, ದಮ್ಮಿನಿಂದ. ಕಣ ಹೋಗಿ ಪುಪ್ಪಸದಾಗ ಕುಂತ್ರ ದೇಹ ಅದರ ಜೋಡಿ ಜಗಳಾಡ್ತೈತಿ, ಆ ಉರಿ ರಕ್ತನಾಳಕ್ಕೂ ಹರಡ್ತೈತಿ, ನಾಳ ಬಿರುಸಾಗ್ತಾವು, ರಕ್ತ ಹೆಪ್ಪುಗಟ್ಟೂ ಸ್ವಭಾವ ಹೆಚ್ಚಾಗ್ತೈತಿ. ಒಬ್ಬಾಂವ ಐವತ್ತೈದಕ್ಕ ಹಾರ್ಟ್ ಅಟ್ಯಾಕ್ ಆಗಿ ಹೋದ್ರ ಬಿಪಿ ಇತ್ತು, ಶುಗರ್ ಇತ್ತು, ಟೆನ್ಷನ್ ಇತ್ತು ಅಂತೇವಿ, ಇಪ್ಪತ್ತು ವರ್ಷ ಚೆನ್ನಮ್ಮ ಸರ್ಕಲ್ ಹತ್ತಿರ ತಳ್ಳುಗಾಡಿ ಹಚ್ಚಿಕೊಂಡು ನಿಂತಿದ್ದ ಅನ್ನೂದು ಯಾವ ಸರ್ಟಿಫಿಕೇಟಿನ್ಯಾಗೂ ಬರೂದಿಲ್ಲ. ಮಸಿ ಲೆಕ್ಕದಿಂದ ಹೊರಗ ಉಳಿಯೂದು ಇಲ್ಲೂ ಹಿಂಗ.

ದೇಶದ ಮ್ಯಾಲೆ ನೋಡಿದ್ರ ಒಂದು ದೊಡ್ಡ ಲೆಕ್ಕ ಐತಿ. ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಾಗ 2020ರಾಗ ಬಂದ ಅಧ್ಯಯನದ ಪ್ರಕಾರ 2019ರಾಗ ಭಾರತದಾಗ ಗಾಳಿ ಮಾಲಿನ್ಯಕ್ಕ ಹೋದವರು 16.7 ಲಕ್ಷ ಮಂದಿ, ದುಡಿಯೂ ಕೈ ಹೋಗಿದ್ದು, ಬ್ಯಾನಿ ಬಿದ್ದಿದ್ದು ಸೇರಿ ಆರ್ಥಿಕ ನಷ್ಟ 36.8 ಬಿಲಿಯನ್ ಡಾಲರ್, ಅಂದ್ರ ಆ ವರ್ಷದ ಜಿಡಿಪಿಯ 1.36 ಪರ್ಸೆಂಟ್. ಇದರಾಗ ಎಲ್ಲಾ ಹೊಗಿ ಸೇರೇತಿ, ಒಲಿ ಹೊಗಿ, ಫ್ಯಾಕ್ಟರಿ, ಕರೆಂಟ್ ಮಾಡೂ ಕಲ್ಲಿದ್ದಲು ಎಲ್ಲಾ. ಆದ್ರ ಅದರಾಗ ಒಂದು ಗಮನಿಸೂ ಮಾತು: 1990ರಿಂದ 2019ರೊಳಗ ಮನಿಯೊಳಗಿನ ಒಲಿ ಹೊಗಿಯಿಂದ ಆಗೂ ಸಾವಿನ ಪ್ರಮಾಣ 64 ಪರ್ಸೆಂಟ್ ಇಳೀತು, ಹೊರಗಿನ ಕಣದಿಂದ ಆಗೂದು 115 ಪರ್ಸೆಂಟ್ ಏರಿತು. ಅಡಿಗಿಮನಿಯಾಗ ಗ್ಯಾಸ್ ಬಂದು ಹೆಣ್ಮಕ್ಕಳ ಎದಿ ಹಗುರಾತು, ಅದು ದೊಡ್ಡ ಗೆಲುವು, ಅದ ಹೆಣ್ಮಕ್ಕಳು ಈಗ ಹೊರಗ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಇನ್ನೊಂದು ಹೊಗಿ ಕುಡೀತಾರ. ಗಾಡಿಗಳ ಪಾಲನ್ನ ಬ್ಯಾರೆ ತಗದು ನೋಡಿದ ಲೆಕ್ಕನೂ ಐತಿ, ಗಾಡಿ ಹೊಗಿ ಮ್ಯಾಲೆ ಅಧ್ಯಯನ ಮಾಡೂ ಅಂತಾರಾಷ್ಟ್ರೀಯ ಸಂಸ್ಥೆ ಐಸಿಸಿಟಿ 2019ರಾಗ ಕೊಟ್ಟದ್ದು. 2015ರಾಗ ಜಗತ್ತಿನ್ಯಾಗ ಸಾರಿಗೆ ಹೊಗಿಗೆ 3.85 ಲಕ್ಷ ಮಂದಿ ಹೋದ್ರು, ಅರ್ಧದ ಹತ್ತಿರ ರೋಡ್ ಮ್ಯಾಲಿನ ಡೀಸೆಲ್ ಗಾಡಿಯಿಂದ, ಭಾರತದಾಗ ಆ ಪಾಲು ಮೂರರಾಗ ಎರಡರಷ್ಟು.

ಇಷ್ಟ ದೊಡ್ಡ ಅಂಕಿ ಕೇಳಿದ್ರ ತಲಿಗೆ ಹತ್ತೂದಿಲ್ಲ, ಮನಿ ಲೆಕ್ಕ ಹೇಳ್ತೀನಿ. ಕಾಕಾಗ ದಿನಾ ಎರಡು ಹೊತ್ತು ಇನ್‌ಹೇಲರ್, ಚಳಿಗಾಲ ಬಂತಂದ್ರ ನೆಬ್ಯುಲೈಸರ್, ವರ್ಷಕ್ಕ ಒಂದೆರಡು ಸಲ ಅಡ್ಮಿಟ್. ಅಡ್ಮಿಟ್ ಆದಾಗ ಕಾಕು ತನ್ನ ಟೇಲರಿಂಗ್ ಬಂದ್ ಮಾಡಿ ಅಲ್ಲಿ ಕುಂದರ್ತಾಳ, ಮಗ ಕೆಲಸಕ್ಕ ರಜಾ ಹಾಕ್ತಾನ. ಔಷಧದ ಬಿಲ್ಲಿಗಿಂತ ಮುಳುಗಿದ ದಿನಗೂಲಿನ ದೊಡ್ಡದು. ಎಲ್ಲಾಕ್ಕಿಂತ ದೊಡ್ಡದು, ಇನ್ನೂ ಎಂಟ್ಹತ್ತು ವರ್ಷ ದುಡಿಯೂ ಕೈ ಸುಮ್ನ ಕುಂತಿದ್ದು. ಡೀಸೆಲ್ ಲೀಟರಿಗೆ ಎರಡು ರೂಪಾಯಿ ಏರಿದ್ರ ಊರೆಲ್ಲಾ ಗದ್ದಲ ಆಗ್ತೈತಿ, 2025ರ ಏಪ್ರಿಲ್‌ನ್ಯಾಗ ರಾಜ್ಯದ ತೆರಿಗಿ ಏರಿದಾಗ ಆದದ್ದು ನೋಡೀರಿ, ಆ ಸಿಟ್ಟು ತಪ್ಪಲ್ಲ. ಆದ್ರ ಅದ ಡೀಸೆಲ್‌ನ ಇನ್ನೊಂದು ದರ, ಕಾಕುನ ಹೊಲಿಗಿ ಮಷೀನು ಬಂದ್ ಬಿದ್ದ ದಿನದಾಗ ಐತಿ, ಅದು ಯಾವ ಬೋರ್ಡಿನ್ಯಾಗೂ ಬರ್ಯೂದಿಲ್ಲ.

ಬ್ಯಾಡಗಿಗೆ ಮೆಣಸಿನಕಾಯಿ ಸುಗ್ಗಿಯಾಗ ಹೋಗಿ ನೋಡ್ರಿ. ಜನವರಿಯಿಂದ ಮಾರ್ಚ್ ತನಕಾ ಮಾರ್ಕೆಟ್ ದಿನ ಊರ ಹೊರಗಿನ ತನಕಾ ಲಾರಿ, ಟ್ರ್ಯಾಕ್ಟರ್ ಸಾಲು, ಒಂದೊಂದು ಹೆಜ್ಜಿ ಮುಂದ ಹೋಗಬೇಕು ಅಂತ ಎಂಜಿನ್ ಬಂದ್ ಮಾಡೂದಿಲ್ಲ. ದೊಡ್ಡ ಲಾರಿ ನಿಂತಲ್ಲೇ ಒಂದು ತಾಸು ಚಾಲೂ ಇದ್ರ ಸುಮಾರು 2ರಿಂದ 3 ಲೀಟರ್ ಕುಡೀತೈತಿ, ಹೆಚ್ಚುಕಮ್ಮಿ ಇನ್ನೂರು ರೂಪಾಯಿ ಆತು. ಆ ಸಾಲಿನ ನಡುವ ಹಮಾಲರು ಚೀಲ ಹೊತ್ತು ಓಡ್ಯಾಡ್ತಾರ, ಚೀಲ ಹೊತ್ತಾಂವ ಸುಮ್ನ ನಿಂತಾಂವಗಿಂತ ಎಷ್ಟೋ ಪಾಲು ಹೆಚ್ಚು ಗಾಳಿ ಎಳೀತಾನ. ಕೆಮ್ಮಿದ್ರ ಮೆಣಸಿನಕಾಯಿ ಘಾಟು ಅಂತಾರ. ಘಾಟೂ ಖರೇನ, ಆದ್ರ ಘಾಟಿನ ಹೆಸರಿನ್ಯಾಗ ಮಸಿ ಮುಚ್ಚಿ ಹೋಗೇತಿ, ನಮ್ಮಲ್ಲಿ ಧೂಳಿನ ಹೆಸರಿನ್ಯಾಗ ಆದಂಗ. ಹುಬ್ಬಳ್ಳಿ ಅಮರಗೋಳ ಎಪಿಎಂಸಿಯಾಗೂ ಇದ ನಡೀತೈತಿ. ಟೋಕನ್ ಕೊಟ್ಟು ಸರತಿ ಬಂದಾಗ ಒಳಗ ಬಿಟ್ರ ಲಾರಿಯವಂಗ ರೊಕ್ಕ ಉಳೀತೈತಿ, ಹಮಾಲರಿಗೆ ಎದಿ ಉಳೀತೈತಿ. ಇದಕ್ಕ ದಿಲ್ಲಿಯಿಂದ ಯೋಜನೆ ಬರಬೇಕಾಗಿಲ್ಲ.

ಗದಗಿನವ್ರು ಇದನ್ನ ಓದಿ ನಮ್ಮೂರ ಗಾಳಿ ಚೊಲೋ ಐತಿ ಅನ್ನಬಹುದು. ಖರೇ, ಕಪ್ಪತಗುಡ್ಡದ ಕಡೆ ಗಾಳಿ ಜೋರು, ಸುತ್ತಲೂ ಗಾಳಿ ಫ್ಯಾನ್ ತಿರಗ್ತಾವು, ಪಂಚಾಲ ನಗರದಾಗಿನ ಗಾಳಿ ಅಳಿಯೂ ಕೇಂದ್ರದ ಅಂಕಿ ಎಷ್ಟೋ ದಿನ ನೋಡಿದ್ರ ಸಂತೋಷ ಆಗ್ತೈತಿ. ಆದ್ರ ಮಾಪನ ಕೇಂದ್ರ ತೋರ್ಸೂದು ಆ ಜಾಗಾದ ಸರಾಸರಿ. ಡೀಸೆಲ್ ಸಣ್ಣ ಕಣದ ಗುಣ ಏನಂದ್ರ ದೊಡ್ಡ ರೋಡಿನ ಅಂಚಿನ್ಯಾಗ ಭಾಳ ದಟ್ಟ ಇರ್ತೈತಿ, ದೂರ ಹೋದಂಗ ಸರ್ರಂತ ಇಳದು 200-300 ಮೀಟರ್ ದಾಟಿದ್ರ ಊರಿನ ಸಾಮಾನ್ಯ ಮಟ್ಟಕ್ಕ ಬರ್ತೈತಿ. ನಾನೂ ಆಮ್ಯಾಲೆ ಅವ್ವನ ಧೋತರದ ಇನ್ನೊಂದು ತುಂಡು ಮೂರು ಓಣಿ ಹಿಂದಿರೂ ಗೆಳ್ಯಾನ ಮನಿ ಕಿಟಕಿಗೆ ಎಂಟು ದಿನ ಕಟ್ಟಿ ನೋಡ್ದೆ, ಮಣ್ಣು ಹೆಚ್ಚುಕಮ್ಮಿ ಅಷ್ಟ ಇತ್ತು, ಮಸಿ ಕಲಿ ಕಣ್ಣಿಟ್ಟು ಹುಡುಕಬೇಕಾತು. ಅದಕ್ಕ ಊರ ಗಾಳಿ ಅಂತ ಒಂದು ಇಲ್ಲ, ರೋಡಿಗೆ ಹತ್ತಿದವರ ಗಾಳಿ ಬ್ಯಾರೆ, ಹಿಂದಿದ್ದವರ ಗಾಳಿ ಬ್ಯಾರೆ. ರೋಡಿಗೆ ಹತ್ತಿ ಇರವ್ರು ಯಾರು, ಚಾದಂಗಡಿಯವ್ರು, ಹೂ ಮಾರವ್ರು, ಟ್ರಾಫಿಕ್ ಪೊಲೀಸ್ರು, ಪಂಕ್ಚರ್ ಅಂಗಡಿ ಹುಡುಗೂರು, ರೋಡ್ ಗುಡಿಸೂ ಪೌರಕಾರ್ಮಿಕರು. ಬಿಲ್ಲು ಕಟ್ಟವ್ರು ಇವರ. ಮತ್ತ ನಮ್ಮ ದೇಶದ ಮಿತಿ ಪಿಎಂ 2.5ಕ್ಕ ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಾಗ ಹೇಳಿದ್ದು 5. ನಮ್ಮಲ್ಲಿ ಪಾಸ್ ಆದದ್ದು ಎದಿಗೆ ಪಾಸ್ ಅಂತ ತಿಳೀಬಾರ್ದು.

ಒಳ್ಳೇದು ಏನೂ ಆಗಿಲ್ಲೇನು ಅಂದ್ರ, ಆಗೇತಿ, ದೊಡ್ಡದ ಆಗೇತಿ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲಾ ಬಿಎಸ್-6, ಅಂದ್ರ ಹೊಸಾ ಗಾಡಿ ಹೊಗಿಗೆ ಬಿಗಿ ಮಿತಿ ಹಾಕೂ ನಿಯಮ ಬಂತು. ಡೀಸೆಲ್‌ನ್ಯಾಗಿನ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷದಾಗ 50 ಪಾಲು) 10ಕ್ಕ ಇಳೀತು, ದೊಡ್ಡ ಗಾಡಿ ಎಂಜಿನ್ನಿಗೆ ನೈಟ್ರೋಜನ್ ಆಕ್ಸೈಡ್ ಮಿತಿ ಒಂದು ಕಿಲೋವ್ಯಾಟ್-ತಾಸಿನ ಕೆಲಸಕ್ಕ 3.5 ಇದ್ದದ್ದು 0.46 ಗ್ರಾಂಗೆ ಬಂತು, ಏಳು ಪಾಲಿಗಿಂತ ಹೆಚ್ಚು ಕಡಿಮಿ. ಮಸಿ ಹಿಡಿಯಾಕ ಡಿಪಿಎಫ್ ಫಿಲ್ಟರ್ ಬಂತು, ಆಕ್ಸೈಡ್ ಕೊಲ್ಲಾಕ ಡ್ರೈವರ್‌ಗಳು ಯೂರಿಯಾ ಅಂತ ಕರಿಯೂ ಡಿಇಎಫ್ ಬಂತು, 32.5 ಪರ್ಸೆಂಟ್ ಶುದ್ಧ ಯೂರಿಯಾ, ಉಳಿದದ್ದು ಶುದ್ಧ ನೀರು. ಅದು ಬಿಸಿ ಹೊಗಿಯಾಗ ಅಮೋನಿಯಾ ಆಗಿ ಆಕ್ಸೈಡನ್ನ ಬರೇ ನೈಟ್ರೋಜನ್ ಮತ್ತ ನೀರು ಮಾಡ್ತೈತಿ.

ಆದ್ರ ಇದು ಕಾಗದದ ಮಾತು, ಡಾಬಾದಾಗಿನ ಮಾತು ಬ್ಯಾರೆ. ಯೂರಿಯಾ ಖರ್ಚು ಉಳಸಾಕ ಕೆಲವರು ಹೊಲಕ್ಕ ಹಾಕೂ ಯೂರಿಯಾ ನೀರಿನ್ಯಾಗ ಕರಗಿಸಿ ಸುರೀತಾರ, ಅದಕ್ಕ ಬೇವಿನ ಲೇಪ ಇರ್ತೈತಿ, ಬ್ಯಾರೆ ಕಸರೂ ಇರ್ತೈತಿ, ಸಾವಿರಾರು ರೂಪಾಯಿ ಸಿಸ್ಟಮ್ ಕಟ್ಟಿಕೊಳ್ತೈತಿ. ಫಿಲ್ಟರ್ ಜಾಮ್ ಆದ್ರ ತಗದ ಬಿಡೂ ಮೆಕ್ಯಾನಿಕ್‌ಗಳೂ ಅದಾರ. ಫಿಲ್ಟರ್ ತಗದ ಬಿಎಸ್-6 ಗಾಡಿ ಹೆಸರಿಗೆ ಅಷ್ಟ. ಗಾಡಿ ಹೊಗಿ ತಪಾಸಣಿ, ಅಂದ್ರ ಪಿಯುಸಿ ಹಿಡೀತೈತಿ ಅಂತೀರಿ, ಪಿಯುಸಿಯಾಗ ಡೀಸೆಲ್ ಗಾಡಿಗೆ ನೋಡೂದು ಹೊಗಿ ಎಷ್ಟು ಕಪ್ಪು ಅಂತ ಮಾತ್ರ, ಬೆಳಕು ಎಷ್ಟು ತಡೀತೈತಿ ಅಂತ. ಸಣ್ಣ ಕಣ ಎಷ್ಟು, ಆಕ್ಸೈಡ್ ಎಷ್ಟು, ಅದು ನೋಡೂದ ಇಲ್ಲ. ಜಗತ್ತಿನ ದೊಡ್ಡ ಕಾರ್ ಕಂಪನಿ ಫೋಕ್ಸ್‌ವ್ಯಾಗನ್ 1.1 ಕೋಟಿ ಡೀಸೆಲ್ ಗಾಡಿಗಳಾಗ ಟೆಸ್ಟ್ ಹೊತ್ತಿನ್ಯಾಗ ಮಾತ್ರ ಶುದ್ಧ ನಡಿಯೂ ಸಾಫ್ಟ್‌ವೇರ್ ಹಾಕಿ 2015ರಾಗ ಸಿಕ್ಕಿ ಬಿತ್ತು, ಅಲ್ಲಿ ಗೊತ್ತಾಗಿದ್ದು ರೋಡಿನ ಮ್ಯಾಲ ಓಡೂ ಗಾಡಿನ ಅಳದು ನೋಡಿದಾಗ. ನಮ್ಮ ಪಿಯುಸಿ ಸೆಂಟರಿನ್ಯಾಗ ಅಳಿಯೂದು ನಿಂತ ಗಾಡಿನ.

ಮ್ಯಾಲೆ ಹಳೇ ಗಾಡಿ. ಒಂದು ಲಾರಿ ಹದಿನೈದು ಇಪ್ಪತ್ತು ವರ್ಷ ಓಡ್ತೈತಿ, 2016ರ ಲಾರಿ ಇನ್ನೂ ಎಷ್ಟೋ ವರ್ಷ ನಮ್ಮ ಗಬ್ಬೂರ ಬೈಪಾಸ್ ಮ್ಯಾಲೆ ಇರ್ತೈತಿ. ಟ್ರ್ಯಾಕ್ಟರಿಗೆ ಹೊಸಾ ನಿಯಮ 2023ರ ಜನವರಿಯಿಂದ ಬಂತು ಆದ್ರ 50 ಎಚ್‌ಪಿ ಮ್ಯಾಲಿನವಕ್ಕ ಮಾತ್ರ, ನಮ್ಮ ಕಡೆ ಓಡೂ ಬಹುತೇಕ ಟ್ರ್ಯಾಕ್ಟರ್ ಅದರ ಕೆಳಗಿನವು. ಜನರೇಟರಿಗೆ 2023ರ ಜುಲೈಯಿಂದ ಬಿಗಿ ನಿಯಮ ಬಂತು, ಅದೂ ಹೊಸವಕ್ಕ, ಕಲ್ಯಾಣಮಂಟಪದ ಹಿಂದಿನ ಹಳೇ ಡಬ್ಬಿಗಲ್ಲ.

ಇಷ್ಟ ಹೇಳಿ ಬಸ್ಸಿನ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಹುಬ್ಬಳ್ಳಿ-ಧಾರವಾಡದ ನಡುವ 22 ಕಿಲೋಮೀಟರ್ ಓಡೂ ಚಿಗರಿ ಬಸ್ ಡೀಸೆಲ್‌ದ್ದ, ಖರೇ, ಆದ್ರ ಒಂದು ಚಿಗರಿಯಾಗ ಕುಂತ ನಿಂತ ಮಂದಿ ಎಲ್ಲಾ ಒಬ್ಬೊಬ್ಬರ ಗಾಡಿ ತಗೊಂಡು ಬಂದ್ರ ಉಣಕಲ್ ದಾಟಾಕ ಅರ್ಧ ತಾಸು ಬೇಕು. ಬಸ್ ಕಡಿಮಿ ಮಾಡೂದಲ್ಲ, ಬಸ್ ಹೆಚ್ಚ ಮಾಡಿ ಅದರ ಎಂಜಿನ್ ಬದಲಿ ಮಾಡೂದು. ಇಲೆಕ್ಟ್ರಿಕ್ ಬಸ್ಸಿಗೆ ಒಳ್ಳೆ ಜಾಗಾ ಅಂದ್ರ ಇಂಥಾ ರೂಟ, ದೂರ ಗೊತ್ತು, ಲೇನ್ ಬ್ಯಾರೆ, ಸಂಜಿಗೆ ಡಿಪೋಕ್ಕ ಬರ್ತೈತಿ. ಹಂಗ ಒಂದ ಲಾರಿ ಇಟ್ಟುಕೊಂಡು ಇಎಂಐ ಕಟ್ಟಾಂವನ ಮ್ಯಾಲೂ ಎಲ್ಲಾ ಹೊರಸಾಕ ಬರೂದಿಲ್ಲ, ಅಂವ ಕ್ಯಾಬಿನ್‌ನ್ಯಾಗ ಕುಂತು ಅದ ಹೊಗಿ ಕುಡಿಯಾಂವ. ಹಳೇ ಗಾಡಿ ಗುಜರಿಗೆ ಹಾಕ್ರಿ ಅಂತ ನೀತಿ 2021ರಾಗ ಬಂದೈತಿ ಆದ್ರ ಹೊಸಾದಕ್ಕ ಕಡಿಮಿ ಬಡ್ಡಿ ಸಾಲ ಸಿಗಲಾರದ ಅಂವ ಹಳೇದು ಬಿಡೂದಿಲ್ಲ.

ನನ್ನ ಒತ್ತಾಯ ಇರೂದು ಮೊದ್ಲ ಲೆಕ್ಕದ ಮ್ಯಾಲೆ. ನಮ್ಮೂರ ವರದಿಯಾಗ ಪಿಎಂ 10 ಜೋಡಿ ಪಿಎಂ 2.5 ಮತ್ತ ಮಸಿ ಎರಡೂ ಬರಬೇಕು, ದೇಶಪಾಂಡೆ ನಗರದ ಮಾಪನ ಕೇಂದ್ರದಾಗ ಅಷ್ಟ ಅಲ್ಲ, ಚೆನ್ನಮ್ಮ ಸರ್ಕಲ್, ಗಬ್ಬೂರು, ಅಮರಗೋಳದ ರೋಡ್ ಅಂಚಿನ್ಯಾಗೂ ಅಳೀಬೇಕು, ಮತ್ತ ದವಾಖಾನಿ ಚೀಟಿಯಾಗ ರೋಗಿ ಕಸಬು ಬರೀಬೇಕು. ಆಗ ಯಾರೂ ಧೂಳಿನ ಹೆಸರು ಹೇಳಿ ಪಾರಾಗಾಕ ಬರೂದಿಲ್ಲ.

ಹ್ವಾದ ತಿಂಗಳ ನಮ್ಮ ಓಣಿಯ ಟಂಟಂ ಹುಡುಗ ಕಾಕಾನ ಮನಿ ಮುಂದ ಗಾಡಿ ನಿಲ್ಲಿಸಿದ್ದ, ಹಿಂದ ಕರ್ರಗ ಹೊಗಿ. ಕಾಕಾ ಬಾಗಲದಾಗ ನಿಂತು ಸಪ್ಪಳ ಕೇಳಿ, "ತಮ್ಮಾ, ಬಂದ್ ಮಾಡು, ನಿನ್ನ ನೋಝಲ್ ಹನಿ ಹಾಕಾಕತ್ತೈತಿ. ಆ ಕರೀ ಹೊಗಿ ನಿನ್ನ ಡೀಸೆಲ್ಲೋ ಮಾರಾಯಾ, ಸುಡದ ಹೊರಗ ಹೊಂಟೈತಿ" ಅಂದ. ಹುಡುಗ ಮೊದ್ಲ ನಂಬ್ಲಿಲ್ಲ, "ಕಾಕಾ, ಪಿಯುಸಿ ಪಾಸ್ ಐತ್ರಿ" ಅಂದ. ಆಮ್ಯಾಲೆ ಒಂದು ದಿನ ಹೋಗಿ ನೋಝಲ್ ಬಿಚ್ಚಿಸಿ ಪ್ರೆಶರ್ ಹಚ್ಚಿಸಿ, ಏರ್ ಫಿಲ್ಟರ್ ಬದಲಿ ಮಾಡಿಸಿದ. ಎಂಟು ದಿನಕ್ಕ ಬಂದು ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು ಕೊಡಾಕತ್ತೈತಿ ಅಂತ ಕಾಕಾನ ಕಾಲು ಮುಟ್ಟಿದ. ಕಾಕಾ ಖುಷಿಲೇ ಎದ್ದು ಸೈಲೆನ್ಸರ್ ಹತ್ತಿರ ಬಗ್ಗಿ ಮೂಸಿ ನೋಡಾಕ ಹೊಂಟಿದ್ದ, ಕಾಕು ಒಳಗಿಂದ ಓಡಿ ಬಂದು ತೋಳು ಹಿಡಿದು ಎಳಕೊಂಡು ಹೋದ್ಲು.